ಬಣ್ಣ ತರಲು ಹೋದವರು

ಕರಿಯಾಕು ದ್ವೀಪದಲ್ಲಿ ಹಳೇ ದೋಣಿ ಕೊಳ್ಳುವವರು
ಮೊದಲು ಆಲ್ಫಿಯಸ್ ಬೆಥೆಲ್‌ನನ್ನು ಕರೆಯುತ್ತಿದ್ದರು.
ಅವನು ಪುಟ್ಟ ಕೊಡತಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವನು.
ಬಣ್ಣ ನೋಡಬೇಡಿ, ಅನ್ನುವನು,
ಬಣ್ಣ ಯಾರಿಗಾದರೂ ಸಿಗುತ್ತದೆ, ಡಬ್ಬಿಯಲ್ಲಿ.

ಆಮೇಲೆ ಮರಳಲ್ಲಿ ಮಂಡಿಯೂರಿ
ಮೂತಿಯಿಂದ ಚುಕ್ಕಾಣಿಯವರೆಗೆ
ಹಲಗೆ ಹಲಗೆ ತಟ್ಟುತ್ತ, ಕಿವಿಗೊಡುತ್ತ.
ಟಣ್ ಅಂದರೆ ಮರ.
ಎಲ್ಲೋ ಒಂದು ಕಡೆ ಡೊಪ್ ಅನ್ನುವುದು.
ಅಲ್ಲಿ ಬೆರಳೊತ್ತುವನು.
ಬೆರಳು ಗಿಣ್ಣಿನವರೆಗೆ ಒಳಗೆ!
ಹುಳ ಹೊರಗೆ ಸೂಜಿಮೊನೆಯಷ್ಟೇ ತೂತಿಡುತ್ತದೆ, ಮಗಾ,
ಒಳಗೆ ಅರಮನೆ ಕಟ್ಟಿರುತ್ತದೆ.

ಇಂಥವನು
ರಾತ್ರಿಗೆ ಐದು ಸಲ ಎದ್ದು
ಕತ್ತಲ ಬೇಲಿಯ ಬಳಿ ಹನಿಹನಿಗೆ ಕಾಯುತ್ತ ನಿಂತು,
ಹೆಂಡತಿ ಕೇಳಿದರೆ ಕೋಕೋ ಚಹಾದ ಮೇಲೆ ಹಾಕಿದ.
ಬೆನ್ನು ನೋವಿಗೆ
ಆ ವರ್ಷ ಹೊತ್ತ ದೊಡ್ಡ ತೊಲೆಯ ಮೇಲೆ ಹಾಕಿದ.

ನರ್ಸ್ ವರ್ಲಿನ್ ವರ್ಷಕ್ಕೊಮ್ಮೆ
ಚರ್ಚಿನ ಬಾದಾಮಿ ಮರದಡಿ ಮೇಜು ಹಾಕಿ ಕೂರುತ್ತಿದ್ದಳು:
ನಲವತ್ತೈದು ದಾಟಿದವರು, ಅಪ್ಪ ಅಣ್ಣಂದಿರಿಗೆ ಬಂದಿದ್ದವರು
ಒಂದು ಸೀಸೆ ರಕ್ತ ಕೊಟ್ಟು ಹೋಗಿ,
ಬೇಕಾದರೆ ಮಾತ್ರ ಡಾಕ್ಟರು ಬೆರಳಿಟ್ಟು ನೋಡುತ್ತಾರೆ.
ನಾವು ರಸ್ತೆಯ ಆಚೆ ರಮ್ ಅಂಗಡಿಯಲ್ಲಿ.
'ಹಿತ್ತಿಲ ಬಾಗಿಲು ಹೊರಗೆ ಹೋಗಲಿಕ್ಕೆ ಕಣಮ್ಮಾ,
ಒಳಗೆ ಬರಲಿಕ್ಕಲ್ಲ!'
ಕೂಗಿದವನು ಆಲ್ಫಿಯಸ್. ಬಿದ್ದು ಬಿದ್ದು ನಕ್ಕವರಲ್ಲಿ
ನಾನೂ ಒಬ್ಬ.
ವರ್ಲಿನ್ ಪುಸ್ತಕ ಮಡಚಿ, ಮೇಜು ಮಡಚಿ,
ಸ್ಕಾರ್ಫ್ ಬಿಗಿದುಕೊಂಡು ಹೋದಳು.

ಗ್ರೆನಾಡದ ಆಸ್ಪತ್ರೆಯಲ್ಲಿ ಚಿತ್ರ ತೆಗೆದಾಗ
ಮೂಳೆ ಮೂಳೆಗೂ ಹುಳ ಇಳಿದಾಗಿತ್ತು.
ಕೊನೆಯ ಸಲ ನೋಡಲು ಹೋದೆ.
ಕಬ್ಬಿಣದ ಮಂಚದ ಕಂಬಿಯನ್ನು
ಉಗುರಿನಿಂದ ಸುಮ್ಮನೆ ತಟ್ಟುತ್ತ ಮಲಗಿದ್ದ.
ನನ್ನ ಅಂಗಿಯ ತುದಿ ಹಿಡಿದೆಳೆದ.
'ಕ್ಲೆವೆಲನ್, ನಿನ್ನ ಹಲಗೆ ಯಾರಾದರೂ ತಟ್ಟಿದ್ದಾರಾ?'
ನಗಬೇಕೆಂದುಕೊಂಡೆ.

ನಾನು ರಕ್ತ ಕೊಡಲು ಮತ್ತೂ ಒಂದು ವರ್ಷ ಬೇಕಾಯಿತು,
ಸುಳ್ಳೇಕೆ ಹೇಳಲಿ.
ಅಂಕಿ ಏರಿತ್ತು. ಎದೆ ಇಳಿಯಿತು.
ವರ್ಲಿನ್ ಹೇಳಿದಳು:
ಈ ಅಂಕಿ ಒಮ್ಮೊಮ್ಮೆ ಸುಮ್ಮನೆ ಬೆದರಿಸುತ್ತದೆ,
ಒಮ್ಮೊಮ್ಮೆ ಸುಮ್ಮನಿದ್ದೇ ಮೋಸ ಮಾಡುತ್ತದೆ.
ಇದು ತೀರ್ಪಲ್ಲ, ಡೊಪ್ ಅನ್ನುವ ಸದ್ದು ಅಷ್ಟೆ.
ಇನ್ನು ಒತ್ತಿ ನೋಡಬೇಕು.
ಒತ್ತಿ ನೋಡಿದರು. ಚೂರು ತೆಗೆದು ನೋಡಿದರು.
ಇದೆ, ಅಂದರು. ಸಣ್ಣದು, ನಿಧಾನದ್ದು,
ಸದ್ಯಕ್ಕೆ ಕಾದು ನೋಡೋಣ, ಆರು ತಿಂಗಳಿಗೊಮ್ಮೆ ಬಾ.
ಹುಳದ ಜೊತೆ ತಾರೀಖು ಇಟ್ಟುಕೊಂಡು ಬದುಕುತ್ತಿದ್ದೇನೆ.
ಕೆಲವು ರಾತ್ರಿ ಇದು ಸುಲಭ.

ಮೊನ್ನೆ ಆಲ್ಫಿಯಸ್‌ನ ಸಮಾಧಿಗೆ ಕಲ್ಲು ನಿಲ್ಲಿಸಿದ ಊಟ.
ಮೇಕೆ ಸಾರು, ಜೋಳದ ಮುದ್ದೆ, ಡೋಲು,
ನೆಲಕ್ಕೆ ಎರೆದ ರಮ್ಮು.
ಅವನು ಅರ್ಧಕ್ಕೆ ಬಿಟ್ಟ ದೋಣಿಯ ಪಕ್ಕೆಲುಬುಗಳು
ಕಡಲಂಚಿನಲ್ಲಿ ಹಾಗೇ ನಿಂತಿದ್ದವು,
ಕೋಳಿಗಳು ಅದರೊಳಗೆ ಹೊಕ್ಕು ಹೊರಡುತ್ತಿದ್ದವು.
ಅದೇ ಹಿತ್ತಿಲ ಬಾಗಿಲ ಮಾತು ಯಾರೋ ಎತ್ತಿದರು.
ನಗು ಏಳುವ ಮೊದಲೇ ನಾನು ಹೇಳಿಬಿಟ್ಟೆ.
ಎಲ್ಲ. ಅಂಕಿ, ಬೆರಳು, ಸೂಜಿ, ಎಲ್ಲ.

ಚಮಚಗಳು ನಿಂತವು.
ಎಪ್ಪತ್ತರ ಹತ್ತಿರದ ಒಸ್ಬರ್ಟ್, ತಟ್ಟೆಯನ್ನೇ ನೋಡುತ್ತ:
'ನೋವಾಗುತ್ತಾ?'
ಸೂಜಿ, ಹೌದು, ಎರಡು ದಿನ.
ಬೆರಳಿಗೆ ನೋವಿಲ್ಲ, ನಾಚಿಕೆ ಇದೆ,
ಅದೂ ಪ್ಯಾಂಟು ಮೇಲೆಳೆದುಕೊಳ್ಳುವವರೆಗೆ.
ಯಾರೂ ಮತ್ತೇನೂ ಕೇಳಲಿಲ್ಲ. ಡೋಲಿನವನು ಚರ್ಮ ಬಿಗಿದ.

ಮಂಗಳವಾರ ಬೆಳಗಿನ ಹಡಗಿನಲ್ಲಿ
ಒಸ್ಬರ್ಟ್ ಇದ್ದ, ಆಲ್ಫಿಯಸ್‌ನ ತಮ್ಮ ಗಾರ್ನೆಟ್ ಇದ್ದ,
ಇಬ್ಬರೂ ಇಸ್ತ್ರಿ ಅಂಗಿ ತೊಟ್ಟಿದ್ದರು.
ಪೇಟೆಯಿಂದ ಬಣ್ಣ ತರಬೇಕು ದೋಣಿಗೆ, ಅಂದರು.
ಯಾವ ಬಣ್ಣ ಎಂದು ನಾನು ಕೇಳಲಿಲ್ಲ.
ಸರಿದು ಕೂತು ಜಾಗ ಮಾಡಿಕೊಟ್ಟೆ.