ಸೌದೆ ಹೊರೆ

ಬೆಳಗಿನ ಏಳೂಕಾಲು. ಹೊಸೂರು ರಸ್ತೆ
ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದೆ.
ಗಾಜಿನ ಮೇಲೆ ಒಂದು ಹನಿ ರಕ್ತ, ಒಂದೇ ಎಳೆತ,
ಕೈ ನಡುಗಬಾರದು. ಮೇಲೆ ನೇರಳೆ ಬಣ್ಣ,
ಆಮೇಲೆ ನೀರು, ಆಮೇಲೆ ಹತ್ತು ನಿಮಿಷ.
ಆ ಹತ್ತು ನಿಮಿಷ ನನ್ನ ಕಾಫಿಯದು,
ಇಪ್ಪತ್ತಾರು ವರ್ಷದಿಂದ.

ಚೀಟಿ ಹೇಳುತ್ತದೆ: ಹೊನ್ನೂರಮ್ಮ, ಮೂವತ್ತೊಂದು,
ಬೊಮ್ಮನಹಳ್ಳಿಯ ಗಾರ್ಮೆಂಟ್ಸು, ಚೆಕ್ಕಿಂಗ್ ಸೆಕ್ಷನ್.
ವಸಡಿನಲ್ಲಿ ರಕ್ತ. ತೊಡೆಯ ಮೇಲೆ
ಯಾರೂ ಹೊಡೆಯದ ಏಟಿನ ನೀಲಿ.
(ಸೂಪರ್‌ವೈಸರ್ ಅವಳ ಗಂಡನನ್ನು ಗೇಟಿಗೆ ಕರೆಸಿ
ಬೈದಿದ್ದಳಂತೆ. ಪಾಪ, ಅವನು ಬೈಸಿಕೊಂಡು ಹೋದನಂತೆ.)

ಮಸೂರದ ಕೆಳಗೆ, ಕೋಶದ ಹೊಟ್ಟೆಯಲ್ಲಿ
ಕೆಂಪು ಕಡ್ಡಿಗಳು, ಒಂದರ ಮೇಲೊಂದು,
ಕಟ್ಟಿಟ್ಟ ಸೌದೆ ಹೊರೆ.

ಡಿಕ್ರೂಜ್ ಮೇಡಮ್ ಮೊದಲ ಸಲ ತೋರಿಸಿದ್ದರು:
‘ಚೆನ್ನಾಗಿ ನೋಡಿಕೋ, ಮರೆಯಬೇಡ.’
ಆ ಹುಡುಗನಿಗೆ ಹತ್ತೊಂಬತ್ತು.
ಸಂಜೆಗೆ ಮಿದುಳಿನಲ್ಲಿ ರಕ್ತ,
ಮಾರನೆಯ ದಿನ ಮಂಚಕ್ಕೆ ಹೊಸ ಚಾದರ.
ಆಗ ಸೌದೆಯೆಂದರೆ ಸೌದೆಯೇ.

ಇವತ್ತು ಕಾಫಿ ಅರ್ಧಕ್ಕೇ ಬಿಟ್ಟು ಫೋನಿಗೆ ಓಡುತ್ತೇನೆ.
ತಬಸ್ಸುಮ್ ಡಾಕ್ಟರು ಪೂರ್ತಿ ಕೇಳುವುದಿಲ್ಲ,
‘ಹೊರೆ’ ಎಂದರೆ ಸಾಕು,
ವರದಿ ಟೈಪಾಗುವ ಮೊದಲೇ ಗುಳಿಗೆ ಅವಳ ಬಾಯಲ್ಲಿ.

ಹದಿನೈದನೆಯ ವರ್ಣತಂತು, ಹದಿನೇಳನೆಯದು,
ತುಂಡು ಅದಲುಬದಲಾಗಿವೆಯಮ್ಮ, ಎಂದರು ಡಾಕ್ಟರು.
‘ಅಂದ್ರ ಈ ಅಂಗಿ ತೋಳು ಆ ಅಂಗಿಗೆ.
ನಮ್ಮಲ್ಲೂ ಆಗ್ತೈತ್ರಿ, ಓವರ್‌ಟೈಮಿನಾಗ.
ಬಿಚ್ಚಿ ಹೊಲೀತೀವಿ.’
‘ಇದರ ಹೊಲಿಗೆ ಬಿಚ್ಚೋದು ಪಾಷಾಣ.’
ಹೊನ್ನೂರಮ್ಮ ನಕ್ಕಳು. ಅವಳ ತಾಯಿ ನಗಲಿಲ್ಲ.
‘ಅದನ್ನ ನಾವು ಇಲಿಗೆ ಇಡ್ತೀವಿ’ ಎಂದು
ರಾತ್ರಿಯಿಡೀ ಡ್ರಿಪ್ಪಿನ ಹನಿ ಎಣಿಸುತ್ತ ಕೂತಳು,
ಮಗಳ ಮೂಗಿನ ಹತ್ತಿರ ಬೆರಳು ಹಿಡಿದು.

ಎರಡು ವಾರದ ನಂತರದ ಗಾಜು:
ಬೆಳೆಯಲು ಒಲ್ಲೆವೆಂದು ಗುಂಪುಗಟ್ಟಿದ್ದ
ಆ ಎಳೆಯ ಪುಂಡರು ಬೆಳೆದಿದ್ದಾರೆ.
ಕೋಶದ ನಡುಗಣ್ಣು ಮಡಿಸಿ, ಮೂರು ಹಾಲೆ,
ದೊಡ್ಡವರ ಠೀವಿ.
ಒಬ್ಬನ ಹೊಟ್ಟೆಯಲ್ಲಿ ಮಾತ್ರ ಇನ್ನೂ ಒಂದು ಕಡ್ಡಿ,
ಶಾಲೆ ಬಿಟ್ಟ ಮೇಲೂ ಜೇಬಿನಲ್ಲುಳಿದ
ಬಳಪದ ತುಂಡಿನಂತೆ.
ಇನ್ನು ಇವರು ವಯಸ್ಸಾಗಿ ಸಾಯುತ್ತಾರೆ,
ರಕ್ತದಲ್ಲಿ ಎಲ್ಲರೂ ಸಾಯುವ ಹಾಗೆ.

ಅದೇ ವಾರ ಬೈಲಪ್ಪನವರ ಗಾಜು.
ಸಿಟಿ ಬಸ್ಸಿನ ಹಳೇ ಡ್ರೈವರು, ಅರವತ್ತೆಂಟು.
ಮಜ್ಜೆ ಬೇರೆ ಥರ ಕೆಟ್ಟಿದೆ, ಕಡ್ಡಿಯಿಲ್ಲ.
ಹೊಸ ಯಂತ್ರ ಓದಿ ಏಳು ತಪ್ಪು ಹೆಸರಿಸಿದೆ,
ಅಕ್ಷರ, ಅಂಕಿ, ರೂಟ್ ನಂಬರಿನ ಹಾಗೆ.
‘ಇದರಲ್ಲಿ ಯಾವುದು ಎಲ್ಲಿಗೆ ಹೋಗುತ್ತೆ?’
ಒಂದಕ್ಕೆ ಗುಳಿಗೆಯಿದೆ. ಇನ್ನೊಂದಕ್ಕೂ ಇದೆ,
ಬೆಲೆ ಕೇಳಿ ಮಗ ಕಾರಿಡಾರಿಗೆ ಹೋದ.
ಉಳಿದ ಐದಕ್ಕೆ ಇನ್ನೂ ಬೋರ್ಡು ಬರೆದಿಲ್ಲ.
ಅವರು ಚೀಟಿ ಮಡಿಸಿ ಎದೆ ಜೇಬಿಗಿಟ್ಟರು,
ಹಳೆಯ ಪಾಸಿನ ಜಾಗದಲ್ಲಿ.

ಮೊನ್ನೆ ಹೊನ್ನೂರಮ್ಮ ಬಂದಿದ್ದಳು,
ತನ್ನ ಮೊದಲ ಗಾಜು ನೋಡಬೇಕಂತೆ.
ತಪ್ಪಾದ ಕಣ್ಣು ಮುಚ್ಚಿ ಬಗ್ಗಿದಳು, ಮತ್ತೆ ಸರಿಮಾಡಿಕೊಂಡಳು.
ತಪ್ಪು ಹುಡುಕಿ ಪಳಗಿದ ಕಣ್ಣು,
ಬಹಳ ಹೊತ್ತು ತೆಗೆಯಲಿಲ್ಲ.
‘ಬಣ್ಣ ಚೆಂದೈತ್ರಿ’ ಎಂದಳು.

ಡಬ್ಬಿಯಲ್ಲಿ ಅವಳದರ ಪಕ್ಕದ ಸೀಳಿನಲ್ಲಿ
ಆ ಹುಡುಗನದು. ನೇರಳೆ ಮಾಸಿ ಬಿಸಿಲಿನ ಬಣ್ಣವಾಗಿದೆ.
ಕಡ್ಡಿಗಳು ಇನ್ನೂ ಕಾಣುತ್ತವೆ,
ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ.
ಅವಳಿಗೆ ತೋರಿಸಲಿಲ್ಲ.
ಮುಚ್ಚಳ ಹಾಕಿ, ಕೈ ತೊಳೆದು,
ಮುಂದಿನ ಚೀಟಿ ಎತ್ತಿಕೊಂಡೆ.