ನೆಲಮಾಳಿಗೆಯ ಬಾಗಿಲು

ಮೇ ಇಪ್ಪತ್ತೊಂದು ಎನ್ನುತ್ತದೆ ನಿನ್ನ ಫೋನು, ತಾರ್ಮೋ:
ಈ ವೋರು ಸೀಮೆಯಲ್ಲಿ ಕೊನೆಯ ಹಿಮ, ಸರಾಸರಿ.
ಸರಾಸರಿಯೆಂದರೆ, ಮಗೂ,
ಎರಡು ವರ್ಷಕ್ಕೊಮ್ಮೆ ಸುಳ್ಳು.

ಬಾ, ತಲೆ ಬಗ್ಗಿಸು, ತೊಲೆ ತಗ್ಗು.
ನಮ್ಮತ್ತೆ ಸಾಲ್ಮೆ ಬರೆದಿಡುತ್ತಿದ್ದದ್ದು ಇಲ್ಲಿ,
ನೆಲಮಾಳಿಗೆಯ ಬಾಗಿಲ ಒಳಮೈಗೆ,
ಬಡಗಿಯ ಚಪ್ಪಟೆ ಪೆನ್ಸಿಲಿನಲ್ಲಿ.
ಮೂವತ್ತೆಂಟು: ಮೇ ಇಪ್ಪತ್ತೇಳು.
ಮೂವತ್ತೊಂಬತ್ತು: ಜೂನ್ ಎರಡು, ಸೌತೆಯೂ ಹೋಯಿತು.
ನಲವತ್ತಮೂರು: ತಾರೀಖಿಲ್ಲ, ಬರೀ ‘ಥೂ’.

ಒಬ್ಬೊಬ್ಬರದು ಒಂದೊಂದು ಲೆಕ್ಕ.
ತೋಮಿಂಗಾಸ್ ಮರ ಬೆಳ್ಳಗೆ ಅರಳಿತೋ
ಅದರ ಬೆನ್ನಿಗೇ ಚಳಿ ಬಂತು, ಊರೆಲ್ಲ ಬಲ್ಲದು.
ಬರ್ಚ್ ಎಲೆ ಇಲಿಕಿವಿಯಷ್ಟಾದರೆ ಸಾಕು ಅನ್ನುತ್ತಾನೆ ಕಾಲ್ಯು.
ಅವನಪ್ಪ ಚಡ್ಡಿ ಜಾರಿಸಿ ಉತ್ತ ಮಣ್ಣಿನ ಮೇಲೆ ಕೂರುತ್ತಿದ್ದ,
ಒಂದು ಸಿಗರೇಟು ಮುಗಿವತನಕ ಕುಂಡೆ ತಾಳಿದರೆ
ಗಡ್ಡೆಯೂ ತಾಳೀತು ಅಂತ.
ನಗಬೇಡ. ಅವನ ಹೊಲ ಒಮ್ಮೆಯೂ ಕಪ್ಪಗಾಗಲಿಲ್ಲ.

ನೆಟ್ಟದ್ದು ಮೇಲೆ ಬರಲು ಮೂರು ವಾರ.
ಮಣ್ಣೊಳಗಿದ್ದಷ್ಟು ದಿನ ಭಯವಿಲ್ಲ,
ತಲೆ ಎತ್ತಿದ ಮೇಲೆಯೇ ಎಲ್ಲ.

ಇಲ್ಲಿ ಬೆರಳಿಡು.
ನಲವತ್ತೆಂಟಾದ ಮೇಲೆ ಐವತ್ತೇಳು.
ನಡುವೆ ಬರೀ ಹಲಗೆ, ಮರದ ಒಂದು ಗಂಟು.
ಆ ವರ್ಷಗಳಲ್ಲೂ ಹಿಮ ಬಿದ್ದಿರಬೇಕು,
ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ.
ಮಾರ್ಚ್‌ನಲ್ಲಿ ಲಾರಿ ಬಂದು ನಿಂತಾಗ
ಬೀಜದ ಗಡ್ಡೆ ಇಲ್ಲೇ ಕತ್ತಲಲ್ಲಿತ್ತು, ಕಣ್ಣು ಬಿಟ್ಟಿರಲಿಲ್ಲ.
ಎಂಟನ್ನು ಕೋಟಿನ ಜೇಬಿಗೆ ಹಾಕಿಕೊಂಡಳಂತೆ,
ಇನ್ನೊಂದು ಕೈಯಲ್ಲಿ ನನ್ನವನು, ಆಗವನಿಗೆ ಐದು.
ದಾರಿಯಲ್ಲಿ ತಿಂದರೋ, ಸೈಬೀರಿಯಾದಲ್ಲಿ ನೆಟ್ಟರೋ?
ಮದುವೆಯಾದ ಹೊಸದರಲ್ಲಿ ಕೇಳಿದೆ.
‘ಉಪ್ಪು ಈ ಕಡೆ ಕೊಡು’ ಅಂದಳು.

ಮರಳಿ ಬಂದ ಮೇಲಿನ ಮೊದಲ ಸಾಲು, ಓದು:
ಐವತ್ತೇಳು: ಜೂನ್ ಒಂದು. ಹಗುರ.
ಬದನೆ ಟೊಮೆಟೊ ಎಲ್ಲ ಸತ್ತ ವರ್ಷ ಅದು,
ಕಾಲ್ಯು ಇವತ್ತಿಗೂ ಹೇಳುತ್ತಾನೆ.
ಅವಳಿಗೆ ಹಗುರ.

ಯಾವಾಗ ನೆಡಲಿ ಅಂದೆಯಲ್ಲ.
ಮೊಟ್ಟೆಯ ಟ್ರೇಯಲ್ಲಿ ನಿನ್ನ ಬೀಜ ಮೊಳೆತು ಕೂತಿದೆ,
ನಿನಗೂ ಕೈ ತುರಿಸುತ್ತಿದೆ. ನೆಡು.
ಹಳೆಯ ಬೆಡ್‌ಶೀಟು, ಪರದೆ, ಏನಿದ್ದರೆ ಅದು
ಕೈಗೆಟಕುವಲ್ಲಿ ಇಟ್ಟುಕೋ.
ಸಂಜೆಗೆ ಗಾಳಿ ಪೂರ್ತಿ ನಿಂತು
ನಕ್ಷತ್ರ ಬೇಲಿಯವರೆಗೆ ಇಳಿದ ಹಾಗೆ ಕಂಡರೆ
ಬಂದು ನನ್ನ ಕಿಟಕಿ ಬಡಿ.
ಜೋರಾಗಿ ಬಡಿ, ಎಡಗಿವಿ ಮಂದ.

ಪೆನ್ಸಿಲು ಆ ಮೊಳೆಗೆ ಕಟ್ಟಿದೆ.