ಸಾಧನದ ಪರಿಚಯವಿಲ್ಲ

ಕಾಸ್ತ್ರೊ ಊರಿನ ಅಂಚಿಗೆ
ಕಡಲೊಳಗೆ ಕಾಲಿಳಿಬಿಟ್ಟು ಕಂಬಗಳ ಮೇಲೆ ನಿಂತ ಮನೆ.
ಉಬ್ಬರದಲ್ಲಿ ನೆಲದಡಿಗೆ ನೀರು. ಇಳಿತದಲ್ಲಿ
ಕೆಸರು, ಚಿಪ್ಪು, ಯಾರದೋ ಒಂಟಿ ಬೂಟು.
ರೊಸಮೆಲ್ ಬಾರ್ರಿಯಾ ಕರೆದಿದ್ದ:
"ಟೀಚರ್, ಒಂದು ಗಳಿಗೆ ಬಂದು ಹೋಗಿ,
ಈ ಡಬ್ಬಕ್ಕೆ ನನ್ನ ಕ್ಯಾಮರಾದ ಗುರುತೇ ಹತ್ತುತ್ತಿಲ್ಲ."

ನಾನು ಕಲಿಸುವುದು ಭೂಗೋಳ.
ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನಲ್ಲಿದೆ,
ಅಷ್ಟಕ್ಕೇ ಈ ದ್ವೀಪ ನನ್ನನ್ನು ವೈದ್ಯೆ ಮಾಡಿಟ್ಟಿದೆ.

ಹೊಲಿಗೆ ಯಂತ್ರದ ಮೇಜಿನ ಮೇಲೆ ಕಂಪ್ಯೂಟರು.
ಕ್ಯಾಮರಾದ ಹೊಟ್ಟೆಯಲ್ಲಿ ಒಂದು ದೋಣಿ:
ಎರಡು ಚಳಿಗಾಲ ಉಳಿ ಹಿಡಿದು ಮಾಡಿದ್ದು,
ಪೋರ್ತೊ ಮೊಂಟಿನ ಗಿರಾಕಿಗೆ ಶುಕ್ರವಾರದೊಳಗೆ
ಫೋಟೊ ಕಳಿಸದಿದ್ದರೆ ಮಾತು ಮುರಿದಂತೆ.

ಸಿಕ್ಕಿಸಿದೆ. ಪರದೆಯ ಮೂಲೆಯಲ್ಲಿ ಮೂಡಿತು:
ಸಾಧನದ ಪರಿಚಯವಿಲ್ಲ.
ಕಿತ್ತು ಹಿಂದಿನ ಕಿಂಡಿಗೆ ಸಿಕ್ಕಿಸಿದೆ. ಪರಿಚಯವಿಲ್ಲ.
ಆರಿಸಿ ಹಚ್ಚಿದೆ, ತೂತಿಗೆ ಉಫ್ ಎಂದು ಊದಿದೆ,
ಕ್ಯಾಮರಾದ ಮೆನುವಿನಲ್ಲಿ ಎಂದೂ ಯಾರೂ ಹೋಗದ
ಆರನೇ ಪುಟಕ್ಕೆ ಹೋಗಿ ಅದನ್ನು ಇದಾಗಿಸಿದೆ, ಇದನ್ನು ಅದಾಗಿಸಿದೆ.
ಜೊತೆಗೆ ಬಂದ ಸೀಡಿಯ ಮೇಲೆ ಕಾಫಿ ಲೋಟದ ಉಂಗುರ.
ಕಾರ್ಡು ಕಳಚಿದರೆ, ಅದು ಹಳೇ ತಳಿ,
ಓದಿಸುವ ಯಂತ್ರ ಊರಲ್ಲೇ ಇಲ್ಲ.

"ಬ್ಯಾಟರಿ ಮಾತ್ರ ತುಂಬ್ತಾ ಇದೆ, ನೋಡಿ," ಎಂದ ರೊಸಮೆಲ್,
ಪುಟ್ಟ ಕೆಂಪು ದೀಪ ತೋರಿಸಿ, ಮಗು ಹಾಲು ಕುಡಿಯಿತು ಎಂಬಂತೆ.

ಒಲೆಯ ಬಳಿಯಿಂದ ಅವನ ಅಕ್ಕ ಎದಿತಾ ಬಂದಳು.
ಆಲೂಗಡ್ಡೆಯ ಮಿಲ್ಕಾವೊ, ಬಿಸಿ ಬಿಸಿ, ಎರಡು ತಟ್ಟೆ.
ನನ್ನದನ್ನು ಕೈಗಿಟ್ಟಳು, ಗಲ್ಲ ಸವರಿದಳು.
ಅವನದನ್ನು ಮೇಜಿನ ಮೇಲಿಟ್ಟು
ಒಂದು ಬೆರಳಿಂದ ಅವನತ್ತ ತಳ್ಳಿ ತಿರುಗಿ ಹೋದಳು.
ಹನ್ನೊಂದು ವರ್ಷವಂತೆ, ಇವರ ನಡುವೆ ಮಾತಿಲ್ಲ.
ಕಾರಣ ಊರಿಗೆಲ್ಲ ಗೊತ್ತು. ನಾನು ತಲ್ಕಾದಿಂದ ಬಂದವಳು, ಕೇಳಲಿಲ್ಲ.

ಆಗ ತಂತಿಯನ್ನು ಕೈಗೆತ್ತಿಕೊಂಡೆ.
ತೀರ ತೆಳ್ಳಗಿತ್ತು, ಬೂಟಿನ ಲಾಡಿಯ ಹಾಗೆ.
"ಇದೆಲ್ಲಿಯದು?" "ಸಂತೆಯಲ್ಲಿ ಕೊಂಡೆ, ಬಲು ಅಗ್ಗ."
ನೆತ್ತಿಗೆ ಹತ್ತಿತು.
"ರೊಸಮೆಲ್, ಒಳಗೆ ನಾಲ್ಕು ಎಳೆ ಇರಬೇಕು:
ಎರಡು ಉಣಿಸುವುದಕ್ಕೆ, ಎರಡು ಮಾತಾಡುವುದಕ್ಕೆ.
ಇದರಲ್ಲಿ ಉಣಿಸುವ ಎರಡೇ ಇವೆ.
ಹೊಟ್ಟೆ ತುಂಬಿಸುತ್ತದೆ,
ನೀನು ಯಾರು ಎಂದು ಕೇಳುವುದಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.
ಒಲೆಯ ಮೇಲೆ ಕೆಟಲ್ ಮಾತ್ರ ಕುಂಯ್‌ಗುಡುತ್ತಿತ್ತು.
ಅವನು ತಟ್ಟೆ ನೋಡಿದ. ಅವಳು ಗೋಡೆ ನೋಡಿದಳು.

ಆಮೇಲೆ ಎದಿತಾ ಗುಂಡಿ, ದಾರದುಂಡೆಗಳ ಡಬ್ಬಿ ತೆರೆದು
ಕೈಯಾಡಿಸಿ, ಎತ್ತಿದಳು ಒಂದು ದಪ್ಪ ಕಪ್ಪು ತಂತಿ,
ಸುತ್ತಿ, ರಬ್ಬರು ಹಾಕಿ, ಚೀಟಿ ಕಟ್ಟಿದ್ದು: "ಅವನ ಕ್ಯಾಮರಾ".
ತಂದ ದಿನವೇ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದಳಂತೆ, ಕಳೆದೀತೆಂದು.
"ಕೇಳಿದ್ದರೆ ಕೊಡುತ್ತಿದ್ದೆ," ಎಂದಳು ನನಗೆ,
ಅವನ ಕಿವುಡು ಕಿವಿಗೂ ಮುಟ್ಟುವಷ್ಟು ಗಟ್ಟಿಯಾಗಿ.

ಸಿಕ್ಕಿಸಿದೆ. ಎರಡು ಸ್ವರ, ಟಿಣ್-ಟುಣ್.
ಕಂಪ್ಯೂಟರು ಕ್ಯಾಮರಾವನ್ನು ಹೆಸರು ಹಿಡಿದು ಕರೆಯಿತು.

ಅಡಿ, ಅಣಿ, ಪಕ್ಕೆ, ಮೊಳೆಯ ಸಾಲು,
ನಲವತ್ತು ಫೋಟೊ, ಎಲ್ಲವೂ ದೋಣಿ.
ನಲವತ್ತೊಂದನೆಯದು ಒಲೆ, ಹಬೆ,
ತೋಳು ಮಡಚಿದ ಒಂದು ಮೊಣಕೈ.
ಅಳಿಸಲೇ ಎಂದೆ. "ಅದು ಇರಲಿ," ಎಂದ, ತುಸು ಜೋರಾಗಿ.

"ದೋಣಿ ಡೊಂಕಾಗಿದೆ ಅಂತ ಹೇಳಿ ಅವನಿಗೆ," ಗೋಡೆಯ ಕಡೆಯಿಂದ.
"ಡೊಂಕಿರೋದು ಫೋಟೊ ಅಂತ ಹೇಳಿ ಅವಳಿಗೆ."

ನನ್ನ ಬಾಯ್ತುಂಬ ಮಿಲ್ಕಾವೊ.
ಯಾವುದನ್ನೂ ದಾಟಿಸಲಿಲ್ಲ.
ಇಬ್ಬರಿಗೂ ಕೇಳಿಸಿತ್ತು.